ಹಸಿರು ಬೂಷ್ಟಿಗೆ ಯಾವುದು: ಸಿಪ್ಪೆ ಎಣ್ಣೆಯೋ, ಅಡುಗೆ ಸೋಡಾವೋ, ಇಮಜಾಲಿಲ್ಲೋ?

ಕೊಯ್ದ ಕಿತ್ತಳೆ, ಮೋಸಂಬಿ, ನಿಂಬೆಯನ್ನು ಹೆಚ್ಚು ಕೊಳೆಸುವುದು ಹಸಿರು ಬೂಷ್ಟು, ಅಂದರೆ ಪೆನಿಸಿಲಿಯಂ ಡಿಜಿಟೇಟಂ ಎಂಬ ಶಿಲೀಂಧ್ರ. ಅದು ಒಳಹೊಗುವುದು ಸಿಪ್ಪೆಯ ಗಾಯದಿಂದ. ಹಾಗಾಗಿ ಯಾವ ಮದ್ದು ಆರಿಸಿದರೂ ಹಣ್ಣನ್ನು ಕಿತ್ತೆಳೆಯದೆ ಕತ್ತರಿಯಿಂದ ಕೊಯ್ಯಿರಿ.

ಕಿತ್ತಳೆ ಸಿಪ್ಪೆ ಎಣ್ಣೆಯ ಶೇ. 90ಕ್ಕೂ ಹೆಚ್ಚು ಭಾಗ ಲಿಮೊನೀನ್ ಎಂಬ ಪರಿಮಳದ ಘಟಕ. ಸಮಸ್ಯೆ ಇರುವುದೇ ಇಲ್ಲಿ: ಈ ಶಿಲೀಂಧ್ರ ಸಿಟ್ರಸ್ ಹಣ್ಣಿಗೇ ಒಗ್ಗಿಕೊಂಡಿದೆ, ಗಾಯದಿಂದ ಹೊಮ್ಮುವ ಲಿಮೊನೀನ್ ಆವಿ ಅದರ ಬೀಜಾಣು ಮೊಳೆಯಲು ನೆರವಾಗುತ್ತದೆ. ಬೂಷ್ಟನ್ನು ಚೆನ್ನಾಗಿ ತಡೆಯುವುದು ಸಿಟ್ರಲ್ ಎಂಬ ಇನ್ನೊಂದು ಘಟಕ. ನಿಂಬೆ ಎಣ್ಣೆಯಲ್ಲಿ ಅದು ಸ್ವಲ್ಪ ಇದೆ, ಕಿತ್ತಳೆ ಎಣ್ಣೆಯಲ್ಲಿ ತೀರಾ ಕಡಿಮೆ. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ. ಟ್ವೀನ್ 80ರಂಥ ಎಮಲ್ಸಿಫೈಯರ್ (ಎಣ್ಣೆಯನ್ನು ನೀರಿನಲ್ಲಿ ಬೆರೆಸುವ ವಸ್ತು) ಇಲ್ಲದಿದ್ದರೆ ಮೇಲೆ ತೇಲಿ, ತಾಗಿದಲ್ಲಿ ಸಿಪ್ಪೆ ಸುಟ್ಟು ಕಂದು ಕಲೆ ಬೀಳುತ್ತದೆ. ಮೊದಲು ಹತ್ತು ಹಣ್ಣಿಗೆ ಹಚ್ಚಿ, ಮೂರು ದಿನ ನೋಡಿ.

ಸಣ್ಣ ಪ್ರಮಾಣಕ್ಕೆ ನಮ್ಮ ಆಯ್ಕೆ ಅಡುಗೆ ಸೋಡಾ. ಲೀಟರ್ ನೀರಿಗೆ 30 ಗ್ರಾಂ, ಎರಡು-ಮೂರು ನಿಮಿಷ ಅದ್ದಿ, ತುಸುವೇ ನೀರು ಹಾಯಿಸಿ. ಇದು ಬೀಜಾಣುವನ್ನು ಕೊಲ್ಲುವುದಿಲ್ಲ, ಗಾಯದಲ್ಲಿ ಉಳಿದ ಸೋಡಾ ಮೊಳಕೆಯನ್ನು ತಡೆಯುತ್ತದೆ ಅಷ್ಟೇ. ಜಾಸ್ತಿ ತೊಳೆದರೆ ಪರಿಣಾಮ ಹೋಯಿತು. ಆಮೇಲೆ ಆದ ಗಾಯಕ್ಕೂ ರಕ್ಷಣೆಯಿಲ್ಲ.

ವಾರಗಟ್ಟಲೆ ದಾಸ್ತಾನಿಗೆ ಇಮಜಾಲಿಲ್ ಎಂಬ ರಾಸಾಯನಿಕ ಶಿಲೀಂಧ್ರನಾಶಕ ಬಲವಾದದ್ದು. ಕೊಳೆತ ಹಣ್ಣಿನ ಮೇಲೆ ಬೀಜಾಣು ಹುಟ್ಟುವುದನ್ನೂ ತಗ್ಗಿಸುತ್ತದೆ. ಆದರೆ ಸಿಪ್ಪೆಯಲ್ಲಿ ಶೇಷ ಉಳಿಯುತ್ತದೆ, ಅದೊಂದನ್ನೇ ಬಳಸುತ್ತಾ ಹೋದಲ್ಲಿ ನಿರೋಧಕ ತಳಿಗಳು ಬೆಳೆಯುತ್ತವೆ. ಬಳಸುವ ಮುನ್ನ ನಿಮ್ಮಲ್ಲಿ ಅನುಮತಿ ಇದೆಯೇ ಎಂದು ಲೇಬಲ್ ನೋಡಿ.