ಕೇಪಿನ ಕೋವಿಗೆ ಮನೆಯಲ್ಲೇ ಮಾಡಿದ ವಾಡ್: ಕೆಲವು ವರ್ಷ ಬಳಸಿದ ಮೇಲೆ

ನಮ್ಮ ಮನೆಯ ಕೇಪಿನ ಕೋವಿಗೆ, ಅಂದರೆ ಬಾಯಿಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹಾರಿಸುವ ಹಳೆ ಕೋವಿಗೆ, ಕತ್ತ (ತೆಂಗಿನ ನಾರು) ಜಡಿಯುವುದನ್ನು ನಾನು ಪೂರ್ತಿ ಬಿಟ್ಟು ಕೆಲವು ವರ್ಷ ಆಯಿತು. ಈಗ ಉಣ್ಣೆ ಫೆಲ್ಟ್ ಮತ್ತು ರಟ್ಟಿನಿಂದ ಕತ್ತರಿಸಿದ ವಾಡ್‌ಗಳನ್ನೇ, ಅಂದರೆ ನಳಿಗೆಯೊಳಗೆ ಮದ್ದಿನ ಮೇಲೆ ಜಡಿಯುವ ಬಿಲ್ಲೆಗಳನ್ನೇ ಬಳಸುತ್ತೇನೆ. ಫೆಲ್ಟಿಗೆ ಜೇನುಮೇಣ ಮತ್ತು ಎಣ್ಣೆ ಕುಡಿಸಿರುತ್ತೇನೆ. ಕೊಡಗಿನ ಆಯುಧ ಪೂಜೆ ಹಬ್ಬ ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಹೊಡೆಯುವುದಕ್ಕೂ ಇದೇ, ಸುಗ್ಗಿ ಹಬ್ಬ ಹುತ್ತರಿಯಲ್ಲಿ ಕದಿರು ತೆಗೆಯುವಾಗ ಬರೀ ಮದ್ದು ತುಂಬಿ ಕುಶಾಲತೋಪು ಹಾರಿಸುವುದಕ್ಕೂ ಇದೇ. ಮೊದಲೇ ಹೇಳಿಬಿಡುತ್ತೇನೆ, ಇದಕ್ಕೆ ಹಾಕಿದ ದುಡ್ಡು, ಶ್ರಮ ಎರಡೂ ದಂಡ ಆಗಿಲ್ಲ. ಆದರೆ ಸಾಮಾನು ಸರಿಯಾಗಿರಬೇಕು, ಜಿಡ್ಡು ಕಮ್ಮಿ ಇರಬೇಕು. ಈ ಎರಡು ತಪ್ಪಿದರೆ ಕತ್ತವೇ ವಾಸಿ.

ಕತ್ತದ ತೊಂದರೆ ಏನು ಅಂತ ದೊಡ್ಡಪ್ಪ ಈಗಲೂ ಕೇಳುತ್ತಾರೆ. ಅವರ ಕಾಲದಲ್ಲಿ ಎಲ್ಲರೂ ಅದನ್ನೇ ಹಾಕಿದ್ದು, ಕೋವಿ ಹಾರಿದ್ದೂ ಹೌದು. ನನಗೆ ಮೊದಲು ಯೋಚನೆ ಬಂದದ್ದು ಬೆಂಕಿಯದು. ಒಣ ನಾರು ನಳಿಗೆಯಿಂದ ಹೊರಗೆ ಬೀಳುವಾಗ ಕೆಂಡ ಹಿಡಿದುಕೊಂಡೇ ಬೀಳುತ್ತದೆ, ಬಿದ್ದಲ್ಲಿ ಸುಮ್ನೆ ಹೊಗೆಯಾಡುತ್ತಾ ಇರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ, ಹೂಮಳೆ ಬರುವ ಮುಂಚೆ, ಕಾಫಿ ತೋಟದ ತರಗೆಲೆ ಹೇಗಿರುತ್ತದೆ ಅಂತ ತೋಟ ಇದ್ದವರಿಗೆ ಹೇಳಬೇಕಾಗಿಲ್ಲ ಅಲ್ವಾ? ಹಳೆ ಬಟ್ಟೆ ಚೂರು, ಪೇಪರ್ ಉಂಡೆ ಎರಡರದ್ದೂ ಇದೇ ಕಥೆ. ಉಣ್ಣೆಗೆ ಅಷ್ಟು ಸುಲಭವಾಗಿ ಬೆಂಕಿ ಹಿಡಿಯುವುದಿಲ್ಲ, ಹಿಡಿದರೂ ಬೇಗ ಆರುತ್ತದೆ. ಹಾಗಂತ ಬಿದ್ದ ವಾಡ್ ಹುಡುಕಿ ತುಳಿಯುವ ಅಭ್ಯಾಸವನ್ನು ನಾನು ಬಿಟ್ಟಿಲ್ಲ.

ಎರಡನೆಯದು ಮಸಿ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಜಾಸ್ತಿ ಭಾಗ ಅನಿಲ ಆಗುವುದೇ ಇಲ್ಲ. ಕೆಲವಷ್ಟು ಹೊಗೆಯ ಜೊತೆ ಹಾರಿಹೋದರೂ ಉಳಿದದ್ದು ನಳಿಗೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಬಿಸಿಲಿನ ದಿನ ಅದು ಒಣಗಿ ಗಟ್ಟಿ ಪದರ ಆಗುತ್ತದೆ, ನಾಲ್ಕೈದು ಗುಂಡು ಆದಮೇಲೆ ಗಜ (ಮದ್ದು ಜಡಿಯುವ ಉದ್ದ ಸರಳು) ಇಳಿಯುವುದೇ ಕಷ್ಟ. ಮಳೆಗಾಲದಲ್ಲಿ ಅದೇ ಮಸಿ ಗಾಳಿಯ ತೇವ ಹೀರಿಕೊಂಡು ಕಬ್ಬಿಣ ತಿನ್ನಲು ಶುರು ಮಾಡುತ್ತದೆ. ಮೇಣ, ಎಣ್ಣೆ ಕುಡಿದ ಫೆಲ್ಟ್ ಪ್ರತಿ ಸಲ ಹೋಗುವಾಗಲೂ ನಳಿಗೆ ಒರೆಸಿಕೊಂಡು ಹೋಗುತ್ತದೆ, ಉಳಿದ ಮಸಿ ಮೆತ್ತಗೆ ಇರುತ್ತದೆ. ಈಗ ಕೊನೆಯ ಗುಂಡಿಗೂ ಗಜ ಮೊದಲನೆಯದಕ್ಕೆ ಇಳಿದ ಹಾಗೇ ಇಳಿಯುತ್ತದೆ. ನನಗೆ ಸಿಕ್ಕ ದೊಡ್ಡ ಲಾಭ ಇದೇ.

ಫೆಲ್ಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಮೋಸ ನಡೆಯುವುದು ಅಲ್ಲೇ. ನೂರಕ್ಕೆ ನೂರು ಉಣ್ಣೆಯದೇ ಬೇಕು. ಆನ್‌ಲೈನ್‌ನಲ್ಲಿ ಒಂದು ಕಡೆಯಿಂದ ತರಿಸಿದ ಹಾಳೆಯ ಮೇಲೆ ಶುದ್ಧ ಉಣ್ಣೆ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಒಂದು ಚೂರು ಕತ್ತರಿಸಿ ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ತೋರಿಸಿದೆ. ಅಂಚು ಮುದುಡಿ ಕರಗಿತು, ತೊಟ್ಟಿಕ್ಕಿತು, ಆರಿದ ಮೇಲೆ ತುದಿಯಲ್ಲಿ ಕಪ್ಪು ಗಟ್ಟಿ ಮಣಿ ಉಳಿಯಿತು. ಅದು ಅಕ್ರಿಲಿಕ್ಕೋ ಪಾಲಿಯೆಸ್ಟರ್ರೋ ಇರಬೇಕು. ಅಂಥದ್ದನ್ನು ನಳಿಗೆಯೊಳಗೆ ಹಾಕಿದರೆ ಕರಗಿ ಒಳಮೈಗೆ ಹತ್ತಿಕೊಳ್ಳುತ್ತದೆ. ನಿಜವಾದ ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಬೂದಿ ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಎಲ್ಲಿಂದ ತಂದರೂ ಮೊದಲು ಈ ಪರೀಕ್ಷೆ ಮಾಡಿ, ಆಮೇಲೆ ಬಿಲ್ಲೆ ಕತ್ತರಿಸುವ ಪಂಚ್ ಕೈಗೆ ತೆಗೆದುಕೊಳ್ಳಿ. ಇದೇ ಕಾರಣಕ್ಕೆ ಈಗಿನ ತೋಟಾಗಳ ಪ್ಲಾಸ್ಟಿಕ್ ವಾಡ್ ಕೂಡ ಕರಿಮದ್ದಿಗೆ ಆಗಿಬರುವುದಿಲ್ಲ.

ಈಗ ನಾನು ತರುವುದು ಪಾಲಿಶ್ ಕೆಲಸಕ್ಕೆ ಬಳಸುವ ಉಣ್ಣೆ ಫೆಲ್ಟ್, 6 ಮಿಲಿಮೀಟರ್ ದಪ್ಪದ್ದು, ಎರಡೆರಡು ಬಿಲ್ಲೆ ಒಟ್ಟಿಗೆ ಹಾಕುತ್ತೇನೆ. 12 ಮಿಲಿಮೀಟರಿನದು ಒಂದೇ ಹಾಕಿದರೂ ಆಗುತ್ತದೆ, ಆದರೆ ಸುತ್ತಿಗೆಯಲ್ಲಿ ಹೊಡೆದು ಕತ್ತರಿಸುವಾಗ ದಪ್ಪ ಫೆಲ್ಟ್ ಒತ್ತಿಕೊಂಡು ಅಂಚು ಓರೆ ಬರುತ್ತದೆ. ಹಳೆ ಕುರಿಕಂಬಳಿಯಲ್ಲೂ ಮಾಡಿದ್ದೇನೆ. ನಮ್ಮಲ್ಲಿ ಮಳೆಗಾಲಕ್ಕೆ ಹೊದೆಯುತ್ತಿದ್ದ ಒರಟು ಕರಿ ಕಂಬಳಿ ಇರುತ್ತದಲ್ಲ, ಅದು. ಕೈಮಗ್ಗದ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ, ಬಿಸಿನೀರಲ್ಲಿ ತೊಳೆದು ಅದನ್ನು ತೆಗೆದು ಒಣಗಿಸಿ, ಮೂರ್ನಾಲ್ಕು ಪದರ ಸೇರಿಸಿದರೆ ಒಳ್ಳೆಯ ವಾಡ್ ಆಗುತ್ತದೆ. ನೇಯ್ದ ಬಟ್ಟೆಯಾದ್ದರಿಂದ ಅಂಚಿನ ಎಳೆ ಬಿಚ್ಚಿಕೊಳ್ಳುತ್ತದೆ ಅನ್ನುವುದೊಂದೇ ಕೊರತೆ. ಹೊಸ ಕಂಬಳಿಯಲ್ಲಿ ಬೇರೆ ನೂಲು ಬೆರೆಸಿರಬಹುದು, ಅದನ್ನೂ ಸುಟ್ಟು ನೋಡಿ.

ಮೇಣಕ್ಕೆ ನಮಗೆ ಕೊಡಗಿನಲ್ಲಿ ಬರವಿಲ್ಲ. ಭಾಗಮಂಡಲದ ಕಡೆ ಜೇನು ಸಾಕುವವರು ಎಷ್ಟೋ ಜನ ಇದ್ದಾರೆ, ಎರಿ ಕರಗಿಸಿ ಸೋಸಿದ ಮೇಣ ಕೇಳಿದರೆ ಕೊಡುತ್ತಾರೆ. ಬಳಸುವ ಮುಂಚೆ ನಾನು ಬಟ್ಟೆಯಲ್ಲಿ ಇನ್ನೊಂದು ಸಲ ಸೋಸುತ್ತೇನೆ. ಇದೇನೂ ಹೊಸ ವಿದ್ಯೆ ಅಲ್ಲ, 19ನೇ ಶತಮಾನದಲ್ಲಿ ಎನ್‌ಫೀಲ್ಡ್ ಕೋವಿಯ ತೋಟಾಕ್ಕೂ ಮೇಣ, ಕೊಬ್ಬು ಬೆರೆಸಿ ಸವರುತ್ತಿದ್ದರು. ಮೇಣದ ಜೊತೆ ಯಾವ ಎಣ್ಣೆ ಅನ್ನುವುದು ನಮ್ಮ ಹವೆಗೆ ತಕ್ಕ ಹಾಗೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ. ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯಲ್ಲಿ ಬಾಟಲಿಯೊಳಗೇ ಗಟ್ಟಿಯಾಗಿ ಕೂತಿರುತ್ತದೆ, ಏಪ್ರಿಲ್‌ನಲ್ಲಿ ನೀರಿನ ಹಾಗೆ. ಅದಕ್ಕೇ ಬೇಸಿಗೆಗೆ ಮೇಣ, ಕೊಬ್ಬರಿ ಎಣ್ಣೆ ಸಮಪಾಲು ಹಾಕುತ್ತೇನೆ. ಹುತ್ತರಿ ಹೊತ್ತಿಗೆ ಮೇಣ ಒಂದು ಪಾಲು, ಹರಳೆಣ್ಣೆ ಎರಡು ಪಾಲು. ಹರಳೆಣ್ಣೆ ನಮ್ಮ ಚಳಿಗೆ ಹೆಪ್ಪುಗಟ್ಟುವುದಿಲ್ಲ. ತಣ್ಣಗಾದ ಮಿಶ್ರಣ ಬೆರಳಿಗೆ ಶೂ ಪಾಲಿಶ್ ಹದಕ್ಕೆ ಸಿಗಬೇಕು.

ತುಪ್ಪ ಹಾಕಿಯೂ ನೋಡಿದ್ದೇನೆ. ನಳಿಗೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಡಬ್ಬಿಗೆ ಇರುವೆ ಮುತ್ತುತ್ತದೆ, ಮಳೆಗಾಲದಲ್ಲಿ ಕಮಟು ವಾಸನೆ ಬಂದು ಬೂಸ್ಟು ಹಿಡಿಯುತ್ತದೆ. ಹಂದಿ ಕೊಬ್ಬೂ ಆಗುತ್ತದೆ, ಉಪ್ಪು ಸೋಕಿರಬಾರದು ಅಷ್ಟೇ, ಉಪ್ಪು ಇದ್ದರೆ ತುಕ್ಕು ಖಂಡಿತ. ಅಗಸೆ ಎಣ್ಣೆ ಬೇಡ, ಒಣಗಿ ಅಂಟಾಗುತ್ತದೆ. ಗ್ರೀಸ್, ಇಂಜಿನ್ ಆಯಿಲ್ ಬೇಡವೇ ಬೇಡ, ಕರಿಮದ್ದಿನ ಮಸಿ ಜೊತೆ ಸೇರಿ ಡಾಂಬರಿನಂಥ ಪದಾರ್ಥ ಆಗುತ್ತದೆ, ಕೆರೆದು ತೆಗೆಯುವ ಹೊತ್ತಿಗೆ ಸಾಕುಬೇಕಾಗುತ್ತದೆ.

ಕರಗಿಸುವಾಗ ನೇರ ಉರಿಗೆ ಇಡಬೇಡಿ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಸಣ್ಣ ಪಾತ್ರೆ ಇಡಿ, ಜೇನುಮೇಣ 62ರಿಂದ 64 ಡಿಗ್ರಿಗೇ ಕರಗುತ್ತದೆ, ಅದಕ್ಕಿಂತ ಜಾಸ್ತಿ ಬಿಸಿ ಬೇಕಿಲ್ಲ. ಮದ್ದು, ಕೇಪು ಆ ಕೋಣೆಯಲ್ಲೇ ಇರಬಾರದು. ಬಿಲ್ಲೆ ಅದ್ದಿ ತೆಗೆದು ಎರಡು ಹಲಗೆ ನಡುವೆ ಇಟ್ಟು ಒತ್ತಿ, ಜಿಡ್ಡು ಆದಷ್ಟು ಹೊರಗೆ ಬರಲಿ. ಎಷ್ಟು ಹಾಕಿದರೆ ಅಷ್ಟು ಒಳ್ಳೆಯದು ಅಂತ ಅನಿಸುವುದು ಸಹಜ, ಆದರೆ ಹಾಗಲ್ಲ. ಜಿಡ್ಡು ತುಂಬಿದ ವಾಡ್ ಭಾರ ಆಗುತ್ತದೆ, ನಳಿಗೆ ಬಿಟ್ಟ ಮೇಲೂ ಚರೆಯ (ಸಣ್ಣ ಸೀಸದ ಗುಂಡುಗಳ) ಹಿಂದೆಯೇ ನುಗ್ಗಿ ಅದನ್ನು ಚದುರಿಸಿಬಿಡುತ್ತದೆ. ರಟ್ಟಿನ ಹಲಗೆಗೆ ಹೊಡೆದು ನೋಡಿದರೆ ನಡುವೆ ಖಾಲಿ, ಸುತ್ತ ತೂತು. ಒತ್ತಿ ಹಿಂಡಿದ ವಾಡ್‌ನಲ್ಲಿ ಹರಡುವಿಕೆ ಎಷ್ಟೋ ಸಮ ಬರುತ್ತದೆ.

ತುಂಬುವ ಕ್ರಮ ಹೀಗೆ. ಅಳತೆಯಲ್ಲಿ ತೆಗೆದ ಮದ್ದು, ಅದರ ಮೇಲೆ ಒಣ ಗಟ್ಟಿ ರಟ್ಟಿನ ಬಿಲ್ಲೆ, ಆಮೇಲೆ ಜಿಡ್ಡಿನ ಫೆಲ್ಟ್, ಆಮೇಲೆ ಚರೆ, ಕೊನೆಗೆ ತೆಳು ರಟ್ಟು. ಆ ಒಣ ರಟ್ಟು ಬಿಟ್ಟರೆ ಎಣ್ಣೆ ಮದ್ದಿಗೆ ಇಳಿದು ಗುಂಡು ಹಾರುವುದೇ ಇಲ್ಲ, ಹಾರಿದರೂ ಸಪ್ಪೆ. ಅದಕ್ಕೆ ಪುಸ್ತಕ ಬೈಂಡಿಂಗಿನ 3 ಮಿಲಿಮೀಟರ್ ರಟ್ಟು ಸಾಕು. ಮೇಲಿನ ತೆಳು ಬಿಲ್ಲೆಗೆ ಮನೆಗೆ ಬಂದು ಬಿದ್ದಿರುವ ಮದುವೆ ಕಾಗದಗಳೇ ಆಗುತ್ತವೆ, ಪ್ಲಾಸ್ಟಿಕ್ ಹೊದಿಕೆ ಇರುವುದನ್ನು ಮಾತ್ರ ಬಿಡಿ. ನಡುವೆ ಸೂಜಿಯಲ್ಲಿ ಒಂದು ತೂತು ಮಾಡಿ, ಇಲ್ಲದಿದ್ದರೆ ಕೆಳಗೆ ಗಾಳಿ ಸಿಕ್ಕಿಕೊಂಡು ಬಿಲ್ಲೆ ಮೇಲಕ್ಕೆ ಪುಟಿಯುತ್ತದೆ. ಕುಶಾಲತೋಪಿಗೆ ಚರೆ ಇಲ್ಲ, ಆದರೂ ವಾಡ್ ಹತ್ತಿರದವರಿಗೆ ಪೆಟ್ಟು ಮಾಡುವಷ್ಟು ಜೋರಾಗಿಯೇ ಹೋಗುತ್ತದೆ, ಜನರ ಕಡೆ ಕೋವಿ ತಿರುಗಿಸಲೇಬೇಡಿ.

ಮದ್ದಿಗೂ ವಾಡಿಗೂ ನಡುವೆ ಜಾಗ ಉಳಿದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಗಜದ ಮೇಲೆ ಗೆರೆ ಹಾಕಿಕೊಂಡು ಪ್ರತಿ ಸಲ ಅದನ್ನೇ ನೋಡಿ ಜಡಿಯುತ್ತೇನೆ. ಮದ್ದನ್ನು ಡಬ್ಬಿಯಿಂದ ನೇರ ನಳಿಗೆಗೆ ಸುರಿಯಬೇಡಿ, ಒಳಗೆ ಕೆಂಡ ಉಳಿದಿದ್ದರೆ ಡಬ್ಬಿಯೇ ಹಾರುತ್ತದೆ. ಕೇಪು ಇಡುವುದು ಎಲ್ಲಕ್ಕಿಂತ ಕೊನೆಗೆ. ತೋಟಾ ಬಿಚ್ಚಿ ಅದರ ಮದ್ದನ್ನು ಕೇಪಿನ ಕೋವಿಗೆ ಹಾಕುವವರು ಇದ್ದಾರೆ ಅಂತ ಕೇಳಿದ್ದೇನೆ, ದಯವಿಟ್ಟು ಬೇಡ, ಹೊಗೆಯಿಲ್ಲದ ಮದ್ದಿನ ಒತ್ತಡ ಈ ನಳಿಗೆಗಳು ತಡೆಯುವಂಥದ್ದಲ್ಲ. ಇನ್ನೊಂದು ಮಾತು, ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ 2019ರಲ್ಲಿ 2029ರವರೆಗೆ ಮುಂದುವರಿದಿದೆ, ಅದು ಕೋವಿ ಇಟ್ಟುಕೊಳ್ಳುವುದಕ್ಕೆ. ಬೇಟೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ನಾನು ಹೇಳುತ್ತಿರುವುದೆಲ್ಲ ತೆಂಗಿನಕಾಯಿಗೆ, ಹಬ್ಬಕ್ಕೆ.

ಮಳೆಗಾಲದಲ್ಲಿ ರಟ್ಟು ತೇವ ಎಳೆದು ಊದಿಕೊಳ್ಳುತ್ತದೆ, ನಳಿಗೆಯಲ್ಲಿ ಇಳಿಯುವುದಿಲ್ಲ. ರಟ್ಟನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಒಂದು ಹಿಡಿ ಒಣ ಅಕ್ಕಿ ಜೊತೆ, ಜಿಡ್ಡಿನ ಫೆಲ್ಟನ್ನು ಬೇರೆ ಡಬ್ಬಿಯಲ್ಲಿ ಇಡಿ. ಎರಡನ್ನೂ ಒಟ್ಟಿಗೆ ಇಟ್ಟರೆ ರಟ್ಟು ಎಣ್ಣೆ ಕುಡಿಯುತ್ತದೆ. ಇಷ್ಟೆಲ್ಲ ಮಾಡಿದರೂ ತೊಳೆಯುವ ಕೆಲಸ ತಪ್ಪುವುದಿಲ್ಲ, ಅವತ್ತೇ ಬಿಸಿನೀರು, ಸೋಪು, ಒಣ ಬಟ್ಟೆ, ಆಮೇಲೆ ತೆಳ್ಳಗೆ ಎಣ್ಣೆ.

ಪಂಚ್ ಕುಶಾಲನಗರದ ಲೇತ್ ಅಂಗಡಿಯಲ್ಲಿ ಮಾಡಿಸಿದ್ದು, ಇವತ್ತಿಗೂ ಅದೇ ಇದೆ. ಬಾಯಿಯ ಓರೆ ಹೊರಗಡೆಯಿಂದ ಕೊಡಲು ಹೇಳಿ, ಆಗ ಸಾಣೆ ಹಿಡಿದರೂ ಬಿಲ್ಲೆಯ ಅಳತೆ ಬದಲಾಗುವುದಿಲ್ಲ. ಪಕ್ಕದಲ್ಲಿ ಒಂದು ಕಿಂಡಿ ಇರಲಿ, ಕತ್ತರಿಸಿದ ಬಿಲ್ಲೆ ಅಲ್ಲಿಂದ ತೆಗೆಯಬಹುದು. ಕೆಳಗೆ ಹಲಸಿನ ಕೊರಡನ್ನು ನೆಟ್ಟಗೆ ನಿಲ್ಲಿಸಿ ಅದರ ತಲೆಯ ಮೇಲೆ ಇಟ್ಟು ಹೊಡೆದರೆ ಬಾಯಿ ಬೇಗ ಮೊಂಡಾಗುವುದಿಲ್ಲ. ಅಳತೆ ಮಾತ್ರ ಅಂದಾಜಿನಲ್ಲಿ ಹೇಳಬೇಡಿ. 12 ಬೋರ್ ಅಂದರೆ ಲೆಕ್ಕಕ್ಕೆ 18.5 ಮಿಲಿಮೀಟರ್, ಆದರೆ ಹಳೆ ಕೋವಿಗಳು ಸವೆದಿರುತ್ತವೆ, ಕೆಲವು ಮೊದಲಿಂದಲೇ ಬೇರೆ ಅಳತೆಯವು. ಗಜ ಇಳಿಸಿ ಕೋವಿ ಖಾಲಿ ಇದೆ ಅಂತ ಖಚಿತ ಮಾಡಿಕೊಳ್ಳಿ, ವರ್ನಿಯರ್‌ನಲ್ಲಿ ನಳಿಗೆ ಬಾಯಿಯ ಒಳಗಿನ ಅಗಲ ಎರಡು ಕಡೆಯಿಂದ ಅಳೆಯಿರಿ, ಅದಕ್ಕೆ ಅರ್ಧ ಮಿಲಿಮೀಟರ್ ಸೇರಿಸಿ ಚೀಟಿಯಲ್ಲಿ ಬರೆದು ಲೇತ್‌ನವರಿಗೆ ಕೊಡಿ.