ಬಾಯಿ ತೆರೆಯದ ರೋಗಿಗೆ ಯಾವುದು: ವಿಡಿಯೋ ಲ್ಯಾರಿಂಗೋಸ್ಕೋಪೋ, ಫೈಬರ್‌ಆಪ್ಟಿಕ್ ಸ್ಕೋಪೋ?

ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವಾಗ ಶ್ವಾಸನಾಳಕ್ಕೆ ಉಸಿರಾಟದ ಟ್ಯೂಬ್ ಇಳಿಸಬೇಕು. ಅದಕ್ಕೆ ದಾರಿ ತೋರಿಸುವುದು ಬಾಯಿಯೊಳಗೆ ಇಡುವ, ಕ್ಯಾಮೆರಾ ಇರುವ ಬ್ಲೇಡ್ (ವಿಡಿಯೋ ಲ್ಯಾರಿಂಗೋಸ್ಕೋಪ್), ಇಲ್ಲವೇ ಬಳುಕುವ ತೆಳು ಕ್ಯಾಮೆರಾ ಕೊಳವೆ (ಫೈಬರ್‌ಆಪ್ಟಿಕ್ ಸ್ಕೋಪ್). ಗುಟ್ಕಾದಿಂದ ಕೆನ್ನೆ ಗಟ್ಟಿಯಾಗಿ ಬಿಗಿದು ಬಾಯಿ ಒಂದೂವರೆ ಸೆಂಟಿಮೀಟರ್ ಕೂಡ ತೆರೆಯದ ಕ್ಯಾನ್ಸರ್ ರೋಗಿಗೆ ನನ್ನ ಆಯ್ಕೆ ಫೈಬರ್‌ಆಪ್ಟಿಕ್ ಸ್ಕೋಪೇ. ರೋಗಿ ಎಚ್ಚರವಾಗಿರಬೇಕು, ಟ್ಯೂಬ್ ಮೂಗಿನಿಂದ ಹೋಗಬೇಕು.

ವಿಡಿಯೋ ಲ್ಯಾರಿಂಗೋಸ್ಕೋಪ್ ಬೇಗ ಸಿದ್ಧವಾಗುತ್ತದೆ, ಕಲಿಯುವುದೂ ಸುಲಭ. ಆದರೆ ಬ್ಲೇಡಿಗೆ ಜಾಗ ಬೇಕು, ಪಕ್ಕದಲ್ಲಿ ಟ್ಯೂಬ್ ಹಿಡಿದು ದಾರಿಗೆ ತರುವ ಮ್ಯಾಗಿಲ್ ಫೋರ್ಸೆಪ್ಸ್ ಎಂಬ ಇಕ್ಕಳಕ್ಕೂ ಬೇಕು. ನೋವಿಗೆ ಬಿಗಿದ ದವಡೆ ಅರಿವಳಿಕೆಯಲ್ಲಿ ಸಡಿಲವಾದೀತು. ಫೈಬ್ರೋಸಿಸ್ (ಅಂಗಾಂಶ ನಾರುಗಟ್ಟುವುದು), ರೇಡಿಯೇಷನ್‌ನಿಂದ ಬಿಗಿದದ್ದು ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್‌ಗೂ ಜಗ್ಗುವುದಿಲ್ಲ. ನಾಲಿಗೆಯ ಗೆಡ್ಡೆಗೆ ಬ್ಲೇಡ್ ತಾಗಿ ರಕ್ತ ಸುರಿದರೆ ಆಮೇಲೆ ಸ್ಕೋಪಿಗೂ ದಾರಿ ಕಾಣದು. ಅದಕ್ಕೇ ಸ್ಕೋಪ್ ಮೊದಲು.

ಸ್ಕೋಪಿನ ನಿಜವಾದ ತಲೆನೋವು ಬೇರೆಯೇ. ಕ್ಯಾಮೆರಾ ಶ್ವಾಸನಾಳದೊಳಗೆ ಸಲೀಸಾಗಿ ಇಳಿದಿರುತ್ತದೆ, ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗ ಕರೈನಾ ಕಾಣುತ್ತಿರುತ್ತದೆ, ಸ್ಕೋಪಿನ ಮೇಲೆ ಏರಿಸಿದ ಟ್ಯೂಬ್ ಮಾತ್ರ ಮುಂದೆ ಹೋಗುವುದಿಲ್ಲ. ಸ್ಕೋಪಿಗೂ ಟ್ಯೂಬಿಗೂ ನಡುವಿನ ಸಂದಿನಿಂದಾಗಿ ಟ್ಯೂಬಿನ ತುದಿ ಧ್ವನಿಪೆಟ್ಟಿಗೆಯ ಹಿಂಭಾಗದಲ್ಲಿರುವ ಬಲಗಡೆಯ ಅರಿಟಿನಾಯ್ಡ್ ಮೃದ್ವಸ್ಥಿಗೆ ಸಿಕ್ಕಿಕೊಳ್ಳುತ್ತದೆ. ಆಗ ಒತ್ತಬಾರದು, ಒತ್ತಿದರೆ ಸ್ಕೋಪ್ ಬಾಗಿ, ಟ್ಯೂಬ್ ಅನ್ನನಾಳದ ಕಡೆ ಹೊರಳುತ್ತದೆ, ಊತವೂ ಬರುತ್ತದೆ. ಎರಡು ಸೆಂಟಿಮೀಟರ್ ಹಿಂದೆಳೆದು, ಟ್ಯೂಬನ್ನು ಅಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸಿ, ರೋಗಿ ಉಸಿರು ಒಳಗೆಳೆಯುವಾಗ ಮೆಲ್ಲಗೆ ಇಳಿಸಬೇಕು. ಈ ಕಾಟ ಹುಟ್ಟುವುದೇ ಸಣ್ಣ ಸ್ಕೋಪಿನ ಮೇಲೆ ದೊಡ್ಡ ಟ್ಯೂಬ್ ಏರಿಸಿದಾಗ. 5 ಮಿಲಿಮೀಟರ್ ಸ್ಕೋಪಿಗೆ 6.5 ಮಿಲಿಮೀಟರಿನ ಫ್ಲೆಕ್ಸೋಮೆಟಾಲಿಕ್ (ಒಳಗೆ ತಂತಿಯ ಸುರುಳಿ ಇರುವ, ಬಳುಕುವ) ಟ್ಯೂಬ್ ನನ್ನ ರೂಢಿ, ಜಾರಲು ಲಿಗ್ನೋಕೇನ್ ಜೆಲ್ಲಿ ಧಾರಾಳ. ಟ್ಯೂಬನ್ನು ಮೊದಲು ಸ್ಕೋಪಿಗೇ ಏರಿಸಿಡಿ. ಮೊದಲೇ ಮೂಗಿಗೆ ಹಾಕಿ ಒಳಗಿಂದ ಸ್ಕೋಪ್ ತೂರಿಸಿದರೆ ಅದು ಟ್ಯೂಬಿನ ತುದಿಯ ಪಕ್ಕದಲ್ಲಿರುವ ತೂತಿನಿಂದ (ಮರ್ಫಿ ಕಣ್ಣು) ಹೊರಬಿದ್ದೀತು. ಆಗ ಎರಡನ್ನೂ ಒಟ್ಟಿಗೇ ಎಳೆಯದೆ ಗತ್ಯಂತರವಿಲ್ಲ.

ಎಚ್ಚರವಿರುವ ರೋಗಿಯ ಮೂಗು, ಗಂಟಲು ಮರಗಟ್ಟಿಸುವುದಕ್ಕೆ ಆತುರ ಬೇಡ. ಜೊಲ್ಲು ಒಣಗಿಸಲು ಗ್ಲೈಕೋಪೈರೋಲೇಟ್ 0.2 ಮಿಗ್ರಾಂ, ರಕ್ತ ಬಾರದಂತೆ ಮೂಗಿಗೆ ಜೈಲೋಮೆಟಾಜೋಲಿನ್. ಮರಗಟ್ಟಿಸುವ ಔಷಧಿ ಲಿಗ್ನೋಕೇನ್ ಒಟ್ಟು ದೇಹತೂಕದ ಕಿಲೋಗೆ 9 ಮಿಗ್ರಾಂ ದಾಟಬಾರದು. ಶೇ. 10ರ ಸ್ಪ್ರೇ ಒಂದು ಸಲ ಒತ್ತಿದರೆ 10 ಮಿಗ್ರಾಂ, ಶೇ. 4ರ ದ್ರಾವಣ ಮಿಲಿಲೀಟರಿಗೆ 40 ಮಿಗ್ರಾಂ. ಜೆಲ್ಲಿಯನ್ನು ಲೆಕ್ಕಕ್ಕೆ ಸೇರಿಸಲು ಮರೆಯುವವರೇ ಹೆಚ್ಚು. ಕೂತಲ್ಲೇ ಸ್ಟ್ರೈಡರ್ (ಉಸಿರುದಾರಿ ಕಿರಿದಾಗಿ ಬರುವ ಕೀರಲು ಸದ್ದು) ಇದ್ದರೆ ವಿಡಿಯೋ ಲ್ಯಾರಿಂಗೋಸ್ಕೋಪ್, ಫೈಬರ್‌ಆಪ್ಟಿಕ್ ಸ್ಕೋಪ್ ಎರಡೂ ಬೇಡ, ಲೋಕಲ್ ಅರಿವಳಿಕೆಯಲ್ಲಿ ಕತ್ತಿನಿಂದ ಶ್ವಾಸನಾಳಕ್ಕೆ ರಂಧ್ರ ಮಾಡುವ ಟ್ರಾಕಿಯಾಸ್ಟಮಿಯೇ ಸರಿ.

ಇಂಥ ರೋಗಿಗಳು ಅಪರೂಪವಾದರೆ ಒಂದೇ ಸಲ ಬಳಸುವ ಸ್ಕೋಪ್ ಮತ್ತು ಪರದೆ ಸಾಕು. ವಾರವಾರ ಬರುವಲ್ಲಿ ಮರುಬಳಕೆಯದ್ದೇ ಕಟ್ಟುತ್ತದೆ, ಪ್ರತಿ ಸಲ ಸ್ಕೋಪಿನ ಹೊದಿಕೆ ತೂತಾಗಿದೆಯೇ ಎಂದು ನೋಡುವ ಲೀಕ್ ಟೆಸ್ಟ್ ಮಾಡುವವರು ಇದ್ದರೆ. ವಿಡಿಯೋ ಲ್ಯಾರಿಂಗೋಸ್ಕೋಪ್ ಬೇರೆ ಥಿಯೇಟರುಗಳಿಗೂ ಬೇಕಾದದ್ದು, ಅದರ ದುಡ್ಡು ಆ ಲೆಕ್ಕದಲ್ಲಿ ಬರಲಿ.

ಯಾವುದನ್ನೇ ಹಿಡಿದರೂ, ಅದು ಕೈಕೊಟ್ಟರೆ ಕತ್ತಿನ ಮುಂಭಾಗದಿಂದ ಕೊಯ್ದು ಟ್ಯೂಬ್ ಹಾಕಬೇಕಾಗುವ ಕ್ರೈಕೋಥೈರಾಯ್ಡ್ ಪೊರೆಯನ್ನು ಮೊದಲೇ ಪೆನ್ನಿನಿಂದ ಗುರುತು ಮಾಡಿ, 10ನೇ ನಂಬರ್ ಶಸ್ತ್ರಚಿಕಿತ್ಸೆಯ ಬ್ಲೇಡ್, ಟ್ಯೂಬಿಗೆ ದಾರಿ ಹಿಡಿಯುವ ಉದ್ದ ಕಡ್ಡಿ (ಬೂಜಿ), 6ರ ಟ್ಯೂಬ್ ಟ್ರಾಲಿಯಲ್ಲಿ ಬಿಚ್ಚಿಡಿ.