ಬಂಗುಡೆ ಪುಳಿಮುಂಚಿಗೆ ಯಾವ ವೈನ್? ಮುಲುಂಡಿನ ಊಟದ ಮೇಜಿನಿಂದ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ದಿನದ ಊಟಕ್ಕೆ ದುಬಾರಿ ಕೆಂಪು ವೈನ್ ಬೇಡ. ಬೇಕಾದದ್ದು ಚೆನ್ನಾಗಿ ತಣ್ಣಗಾದ, ಒಂಚೂರು ಸಿಹಿ ಇರುವ ಬಿಳಿ ವೈನ್. ಹುಟ್ಟುಹಬ್ಬ, ಆ್ಯನಿವರ್ಸರಿಗೆ ಒಂದು ಬ್ರೂಟ್, ಅಂದರೆ ಸಿಹಿ ಇಲ್ಲದ ಗುಳ್ಳೆ ವೈನ್. ಕೆಂಪು ಬೇಕೇ ಬೇಕು ಅಂದರೆ ಮಟನ್ ಮಾಡಿದ ಭಾನುವಾರ ತೆಗೆಯಿರಿ. ಅವಸರ ಇದ್ದವರು ಇಷ್ಟು ಓದಿ ಅಂಗಡಿಗೆ ಹೊರಡಬಹುದು.

ನಾನು ಧಾರವಾಡದವಳು, ಗಂಡ ಕಾರ್ಕಳದವರು, ಮನೆ ಮುಂಬೈಯ ಮುಲುಂಡಿನಲ್ಲಿ. ಹಾಗಾಗಿ ಒಂದೇ ವಾರದಲ್ಲಿ ಜೋಳದ ರೊಟ್ಟಿ-ಎಣ್ಣೆಗಾಯಿ, ಕೋರಿ ರೊಟ್ಟಿ, ಬಂಗುಡೆ ಪುಳಿಮುಂಚಿ ಎಲ್ಲವೂ ಆಗುತ್ತದೆ. ವೈನ್ ಬಾಟಲಿಯ ಹಿಂದಿನ ಚೀಟಿಯಲ್ಲಿ ಬರೆದಿರುವುದು ಸಾಮಾನ್ಯವಾಗಿ ಪಾಸ್ತಾ, ಚೀಸ್, ಹೆಚ್ಚೆಂದರೆ ಕಬಾಬ್. ಪುಳಿಮುಂಚಿ ಮಾಡುವವರು ಏನು ಮಾಡಬೇಕು? ಮನೆಯಲ್ಲಿ ಮಾಡಿದ ಅಡುಗೆ ಜೊತೆಗೇ ಕುಡಿದು ನೋಡಬೇಕು. ನಾವು ಮಾಡಿದ್ದೂ ಅದನ್ನೇ.

ಮೊದಲು ಖಾರದ ವಿಷಯ. ಮೆಣಸಿನಕಾಯಿ ತಿಂದಾಗ ನಾಲಿಗೆ ಉರಿಯುತ್ತದಲ್ಲ, ಆ ಉರಿಯನ್ನು ಹೇಳುವ ನರಗಳನ್ನೇ ಆಲ್ಕೋಹಾಲೂ ಕೆಣಕುತ್ತದೆ. ಶೇಕಡಾ 14ರ ವೈನ್ ಜೊತೆಗಿದ್ದರೆ ಕೋಳಿ ಸಾರು ಇದ್ದದ್ದಕ್ಕಿಂತ ಜಾಸ್ತಿ ಖಾರ ಅನಿಸುತ್ತದೆ. ಕೆಂಪು ವೈನಿಗೆ ಇನ್ನೊಂದು ತೊಡಕಿದೆ, ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜ, ಓಕ್ ಮರದ ಪೀಪಾಯಿಯಿಂದ ಬರುವ ಒಗರು ಅದು. ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಬಾಯಿ ಒಣಗಿಸುತ್ತದೆ. ಖಾರದ ಮೇಲೆ ಈ ಒಗರು ಬಿದ್ದರೆ ಎರಡೂ ಹೆಚ್ಚಾಗುತ್ತವೆ. ಸಿಹಿ ಮತ್ತು ತಂಪು ಖಾರವನ್ನು ತಗ್ಗಿಸುತ್ತವೆ. ಅದಕ್ಕೇ ಬಿಳಿ ವೈನಿನ ಕಡೆ ನನ್ನ ಒಲವು.

ದಿನದ ಬಾಟಲಿ ಅಂತ ಒಂದನ್ನೇ ಆರಿಸಿ ಅಂದರೆ ನಾಸಿಕದ ಸುಲಾ ಕಂಪನಿಯ ಬಿಳಿ ವೈನ್, ಶೆನಿನ್ ಬ್ಲಾಂ. ಮುಂಬೈಯಲ್ಲಿ ಬಹುತೇಕ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಬೆಲೆ ಸಾವಿರದ ಆಸುಪಾಸು. ಶೆನಿನ್ ಮೂಲತಃ ಫ್ರಾನ್ಸಿನ ಲ್ವಾರ್ ಕಣಿವೆಯ ದ್ರಾಕ್ಷಿ, ನಾಸಿಕದ ಬಿಸಿಲಿಗೂ ಚೆನ್ನಾಗಿ ಒಗ್ಗಿಕೊಂಡಿದೆ. ಇದನ್ನು ಪೂರ್ತಿ ಡ್ರೈ, ಅಂದರೆ ಸಿಹಿ ಇಲ್ಲದ ಹಾಗೆ, ಮಾಡಿಲ್ಲ, ಸ್ವಲ್ಪ ಸಕ್ಕರೆ ಉಳಿಸಿದ್ದಾರೆ. ವೈನ್ ಗೊತ್ತಿರುವವರು ಅನ್ನಿಸಿಕೊಂಡ ಕೆಲವರು ಅದಕ್ಕೇ ಇದನ್ನು ಕೀಳಾಗಿ ನೋಡುತ್ತಾರೆ. ಅವರು ಕೋರಿ ರೊಟ್ಟಿ ಜೊತೆ ಕುಡಿದಿಲ್ಲ, ಅಷ್ಟೆ. ತೆಂಗಿನ ಹಾಲಿನ ಗಸಿಯಲ್ಲಿ ನೆನೆದ ರೊಟ್ಟಿ ಬಾಯಲ್ಲಿದ್ದಾಗ ಒಂದು ಗುಟುಕು ಹಾಕಿ ನೋಡಿ. ಮೊದಲು ಅನಾನಸಿನ ವಾಸನೆ, ಆಮೇಲೆ ಸಣ್ಣ ಸಿಹಿ, ಕೊನೆಗೆ ಹುಳಿ ಬಂದು ತೆಂಗಿನ ಜಿಡ್ಡನ್ನು ತೊಳೆದುಬಿಡುತ್ತದೆ. ಇನ್ನೊಂದು ತುತ್ತಿಗೆ ಬಾಯಿ ತಯಾರು. ಇಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಉಪಕಾರವೂ ಇದೆ. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಇದೇ ವೈನ್ ಕೊಲ್ಹಾಪುರದ ತಾಂಬ್ಡಾ ರಸ್ಸಾ ಮುಂದೆ ನಿಲ್ಲುವುದಿಲ್ಲ. ಅದಕ್ಕೆ ಯಾವ ವೈನೂ ನಿಲ್ಲುವುದಿಲ್ಲ, ಬಿಡಿ.

ಪುಳಿಮುಂಚಿಯ ಕಥೆ ಬೇರೆ. ಹುಣಸೆಹಣ್ಣಿನ ಹುಳಿ ಮುಂದೆ ಮೆತ್ತಗಿನ ವೈನ್ ಸಪ್ಪೆ ಆಗಿಬಿಡುತ್ತದೆ. ಸಾರಿಗಿಂತ ವೈನಿನ ಹುಳಿ ಒಂದು ಕೈ ಮೇಲಿರಬೇಕು. ಹಾಗಾಗಿ ಸೊವಿನ್ಯೋಂ ಬ್ಲಾಂ ಅನ್ನೋ ಬಿಳಿ ವೈನ್. ಸುಲಾದ್ದು 2000ದಲ್ಲಿ ಅವರ ಮೊದಲ ವೈನುಗಳ ಜೊತೆಗೇ ಬಂದದ್ದು, ಈಗಲೂ ನನಗೆ ಅದೇ ಇಷ್ಟ. ಹಸಿ ಹುಲ್ಲು, ಸೀಬೆಕಾಯಿ, ಸ್ವಲ್ಪ ದೊಣ್ಣೆಮೆಣಸಿನಕಾಯಿ ವಾಸನೆ. ಅಂಜಲ್ ತವಾ ಫ್ರೈಗೂ ಇದೇ ತೆಗೆಯಿರಿ, ನಿಂಬೆಹಣ್ಣು ಹಿಂಡುವ ಕೆಲಸವನ್ನು ವೈನೇ ಮಾಡುತ್ತದೆ. ಮೀನಿಗೆ ಕೆಂಪು ಬೇಡ ಅನ್ನೋದು ಬರೀ ದೊಡ್ಡವರ ಶಿಷ್ಟಾಚಾರ ಅಂದುಕೊಳ್ಳಬೇಡಿ. ವೈನಿನಲ್ಲಿ ಕಬ್ಬಿಣದ ಅಂಶ ಹೆಚ್ಚಾದಷ್ಟೂ ಬಾಯಲ್ಲಿ ಮೀನಿನ ಹಸಿ ವಾಸನೆ ಏಳುತ್ತದೆ ಅಂತ ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದ್ದಾರೆ. ಕೆಂಪಿನಲ್ಲಿ ಕಬ್ಬಿಣ ಸಾಮಾನ್ಯವಾಗಿ ಜಾಸ್ತಿ. ಬಂಗುಡೆಯಂಥ ಎಣ್ಣೆ ಮೀನಿಗೆ ಇದು ಎದ್ದು ಕಾಣುತ್ತದೆ.

ಎಣ್ಣೆಗಾಯಿ, ಶೇಂಗಾ ಚಟ್ನಿ, ರೊಟ್ಟಿಗೆ ರೋಸೆ, ಅಂದರೆ ಗುಲಾಬಿ ಬಣ್ಣದ ವೈನ್. ಸುಲಾದ ದಿ ಸೋರ್ಸ್ ಗ್ರೆನಾಶ್ ರೋಸೆ ನೋಡಿ. ಶೇಂಗಾ-ಗುರೆಳ್ಳಿನ ಜಿಡ್ಡಿಗೂ, ಒಳಗಿರುವ ಬೆಲ್ಲಕ್ಕೂ ಸರಿಹೋಗುತ್ತದೆ. ಸಾರು-ಅನ್ನ, ಮೊಸರನ್ನದ ಜೊತೆ ಏನೂ ಬೇಡ. ನೀರು ಕುಡಿಯಿರಿ.

ಈಗ ಕೆಂಪು. ಮಟನ್ ಸುಕ್ಕಾಗೆ ಎರಡು ಬಾಟಲಿ ಎದುರುಬದುರು ಇಟ್ಟುಕೊಂಡು ಕುಡಿದೆವು. ಒಂದು ಫ್ರಾತೆಲ್ಲಿಯ ಸೆತ್ತೆ, ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನದು. ಇಟಲಿಯ ಅಣ್ಣತಮ್ಮಂದಿರು, ದೆಹಲಿಯ ಅಣ್ಣತಮ್ಮಂದಿರು, ಅಕ್ಲೂಜಿನ ಮೋಹಿತೆ-ಪಾಟೀಲ ಅಣ್ಣತಮ್ಮಂದಿರು ಸೇರಿ ಕಟ್ಟಿದ ಕಂಪನಿ. ಸೆತ್ತೆಯಲ್ಲಿ ಸಾಂಜಿಯೋವೆಸೆ ಮತ್ತು ಕ್ಯಾಬರ್ನೇ ಸೊವಿನ್ಯೋಂ ಅನ್ನೋ ಎರಡು ಕೆಂಪು ವೈನ್ ದ್ರಾಕ್ಷಿ ಕೂಡಿಸುತ್ತಾರೆ. ಇನ್ನೊಂದು ನಂದಿ ಬೆಟ್ಟದ ಬುಡದ, ದೊಡ್ಡಬಳ್ಳಾಪುರದ ಗ್ರೋವರ್ ಝಂಪಾದ ಲಾ ರಿಸರ್ವ್. ಕ್ಯಾಬರ್ನೇ ಜೊತೆ ಶಿರಾಜ್, ಓಕ್ ಪೀಪಾಯಿಯಲ್ಲಿ ಇಟ್ಟದ್ದು. ಕನ್ವಲ್ ಗ್ರೋವರ್ ಅವರು ಅಲ್ಲಿ ಫ್ರೆಂಚ್ ದ್ರಾಕ್ಷಿ ಹಾಕಿಸಿದಾಗ ನಮ್ಮಲ್ಲಿ ಇಂಥ ವೈನಿಗೆ ಗಿರಾಕಿಯೇ ಇರಲಿಲ್ಲ. ಆಮೇಲೆ ಫ್ರಾನ್ಸಿನ ಬೋರ್ದೋದ ವೈನ್ ಪರಿಣತ ಮಿಶೆಲ್ ರೋಲಾಂ ಅವರನ್ನು ಸಲಹೆಗೆ ಕರೆಸಿದರು.

ಸೆತ್ತೆಯಲ್ಲಿ ಹುಳಿ ಚೆನ್ನಾಗಿದೆ, ಹುಳಿ ಚೆರ್ರಿಯ ರುಚಿ, ಒಗರೂ ಗಟ್ಟಿ. ಒಂದು ಗಂಟೆ ಮೊದಲೇ ತೆರೆದಿಟ್ಟರೆ ಮೆತ್ತಗಾಗುತ್ತದೆ. ಲಾ ರಿಸರ್ವ್‌ನಲ್ಲಿ ಶಿರಾಜಿನ ಕಾಳುಮೆಣಸಿನ ವಾಸನೆ ಬರುತ್ತದೆ. ಸುಕ್ಕಾಗೆ ನಾವೂ ಕಾಳುಮೆಣಸು ಹಾಕಿರುತ್ತೇವಲ್ಲ, ಎರಡೂ ಕೈ ಕುಲುಕಿಕೊಳ್ಳುತ್ತವೆ. ನನ್ನ ಮತ ಲಾ ರಿಸರ್ವ್‌ಗೆ. ಊರಿನ ಪಕ್ಷಪಾತ ಅನ್ನುವವರು ಅನ್ನಲಿ. ಧಾರವಾಡದಿಂದ ಬಂದಿದ್ದ ನಮ್ಮ ಅಣ್ಣ ವಿಸ್ಕಿ ಮನುಷ್ಯ. ಒಂದು ಗ್ಲಾಸ್ ಕುಡಿದು, "ತಂಗೀ, ಇದು ತಲಿಗೆ ಏರೂದ ಇಲ್ಲಲ್ಲ" ಅಂದ. ಆಮೇಲೆ ಮಟನ್ ಮುಗಿಯುವವರೆಗೆ ಬಾಟಲಿ ಅವನ ಕೈ ಹತ್ತಿರವೇ ಇತ್ತು.

ಕೆಂಪು ವೈನನ್ನು ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕು ಅಂತ ಹೇಳುತ್ತಾರೆ. ಅದು ಯುರೋಪಿನ ಚಳಿ ಮನೆಯ ಲೆಕ್ಕ, 16ರಿಂದ 18 ಡಿಗ್ರಿ. ಮೇ ತಿಂಗಳ ಮುಲುಂಡಿನಲ್ಲಿ ರೂಮ್ ಅಂದರೆ 32. ಆ ಬಿಸಿಗೆ ವೈನಿನಲ್ಲಿ ಆಲ್ಕೋಹಾಲ್ ವಾಸನೆ ಬಿಟ್ಟು ಬೇರೇನೂ ಮೂಗಿಗೆ ಬರುವುದಿಲ್ಲ. ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಬಿಳಿಗೆ ಎರಡು-ಮೂರು ಗಂಟೆ ಬೇಕು. ಮರೆತಿದ್ದರೆ ಬಕೆಟ್ಟಿಗೆ ಐಸು, ನೀರು, ಒಂದು ಹಿಡಿ ಉಪ್ಪು ಹಾಕಿ ಬಾಟಲಿ ಮುಳುಗಿಸಿ. ಕಾಲು ಗಂಟೆಯಲ್ಲಿ ತಣ್ಣಗಾಗುತ್ತದೆ. ಬರೀ ಐಸು ಹಾಕಿದರೆ ಬೇಗ ಆಗುವುದಿಲ್ಲ, ನೀರು ಬೇಕು. ಐನೂರು ರೂಪಾಯಿ ಜಾಸ್ತಿ ಕೊಟ್ಟು ದುಬಾರಿ ಬಾಟಲಿ ತರುವುದಕ್ಕಿಂತ ಇದ್ದ ಬಾಟಲಿಯನ್ನು ಸರಿಯಾಗಿ ತಣ್ಣಗೆ ಮಾಡುವುದರಲ್ಲಿ ಲಾಭ ಹೆಚ್ಚು.

ಅಂಗಡಿಯ ವಿಷಯಕ್ಕೂ ಬರಬೇಕು. ಮುಂಬೈಯ ಬಹಳಷ್ಟು ವೈನ್ ಶಾಪುಗಳಲ್ಲಿ ನಡೆಯೋದು ವಿಸ್ಕಿ, ಬಿಯರ್ ವ್ಯಾಪಾರ. ವೈನ್ ಅಲಂಕಾರಕ್ಕೆ. ನಮ್ಮ ಕಡೆಯ ಒಂದು ಅಂಗಡಿಯಲ್ಲಿ ಬಾಟಲಿಗಳನ್ನು ಪಶ್ಚಿಮದ ಗಾಜಿಗೆ ಒರಗಿಸಿ ನಿಲ್ಲಿಸಿದ್ದರು. ಮಧ್ಯಾಹ್ನದ ಬಿಸಿಲು ನೇರ ಅವುಗಳ ಮೇಲೆ. ಅಲ್ಲಿಂದ ತಂದ ಕೆಂಪು ವೈನಿನ ಕಾರ್ಕು ಕತ್ತಿನಿಂದ ಸ್ವಲ್ಪ ಮೇಲೆದ್ದಿತ್ತು, ಒಳಗಿನದು ಬೇಯಿಸಿದ ಒಣದ್ರಾಕ್ಷಿ ನೀರು. ಮರಳಿ ಒಯ್ದರೆ ಕೌಂಟರಿನ ಹುಡುಗ, "ಮೇಡಂ, ವೈನ್ ಹಳೇದಾದಷ್ಟೂ ಒಳ್ಳೇದು" ಅಂತ ನನಗೇ ಪಾಠ ಹೇಳಿದ. ದುಡ್ಡು ವಾಪಸ್ ಬರಲಿಲ್ಲ. ಈ ಹಳೇದಾದಷ್ಟೂ ಅನ್ನೋದು ಕೆಲವೇ ವೈನುಗಳಿಗೆ, ಅದೂ ತಂಪಾದ ಕತ್ತಲೆ ಕೋಣೆಯಲ್ಲಿ ಇಟ್ಟರೆ. ನಾಸಿಕದಲ್ಲಿ ಕೊಯ್ಲು ಜನವರಿಯಿಂದ ಮಾರ್ಚ್ ಒಳಗೆ. ಬಿಳಿ ಮತ್ತು ರೋಸೆ ಈ ವರ್ಷದ್ದು, ಇಲ್ಲವೇ ಕಳೆದ ವರ್ಷದ್ದು ಆಗಿರಬೇಕು. ಚೀಟಿ ನೋಡಿ ತೆಗೆದುಕೊಳ್ಳಿ. ಅಂಗಡಿಯಲ್ಲಿ ಎ.ಸಿ. ಇದೆಯಾ, ಬಾಟಲಿ ಮೇಲೆ ಧೂಳು ಕೂತಿದೆಯಾ, ಅದನ್ನೂ ನೋಡಿ. ತಿರುಪು ಮುಚ್ಚಳದ ಬಾಟಲಿ ಅಗ್ಗದ್ದು ಅನ್ನುವ ಭಾವನೆ ಬೇಡ, ಬೇಗ ಕುಡಿದು ಮುಗಿಸುವ ವೈನಿಗೆ ಅದೇ ಅನುಕೂಲ.

ವಿಶೇಷ ದಿನಗಳಿಗೆ ಬ್ರೂಟ್. ನಮ್ಮ ದೇಶದ ವೈನ್‌ಗಳಲ್ಲಿ ಕೊಟ್ಟ ದುಡ್ಡಿಗೆ ಮೋಸ ಇಲ್ಲದ್ದು ಇದೇ ಅನ್ನುವುದು ನನ್ನ ಅಭಿಪ್ರಾಯ. ಪುಣೆ ಹತ್ತಿರದ ನಾರಾಯಣಗಾಂವ್‌ನಲ್ಲಿ 1980ರ ದಶಕದಲ್ಲೇ ಇಂಡೇಜ್ ಕಂಪನಿ ಗುಳ್ಳೆ ವೈನ್ ಮಾಡಿ ಹೊರದೇಶಕ್ಕೆ ಕಳಿಸುತ್ತಿತ್ತು. ಒಮರ್ ಖಯ್ಯಾಮ್ ಅನ್ನೋ ಹೆಸರು ಹಳಬರಿಗೆ ನೆನಪಿರಬಹುದು. ಆ ಕಂಪನಿ ಈಗಿಲ್ಲ. ಈಗ ಸುಲಾ ಬ್ರೂಟ್ ಇದೆ, ಫ್ರಾತೆಲ್ಲಿಯ ಗ್ರಾನ್ ಕ್ಯುವೆ ಇದೆ, ನಾಸಿಕದ ದಿಂಡೋರಿಯಲ್ಲಿ ಮಾಡುವ ಶಾಂದೋನ್ ಇದೆ. ಶಾಂದೋನ್ 2013ರಿಂದ ಮಾರುಕಟ್ಟೆಯಲ್ಲಿದೆ. ಬಾಟಲಿಯ ಒಳಗೇ ಎರಡನೇ ಸಲ ಹುದುಗು ಬರಿಸಿ ಗುಳ್ಳೆ ಹುಟ್ಟಿಸುವುದು ಇದರ ಪದ್ಧತಿ. ಗುಳ್ಳೆ ಸಣ್ಣದು, ಬ್ರೆಡ್ಡಿನ ಅಂಚಿನಂಥ ನವಿರು ವಾಸನೆ. ಮೂರರಲ್ಲಿ ನನಗೆ ಶಾಂದೋನ್ ಮೇಲು. ದಿನಾ ಕೊಳ್ಳುವ ಬೆಲೆಯಲ್ಲ.

ಅತ್ತೆಯ ಹುಟ್ಟುಹಬ್ಬಕ್ಕೆ ಅದನ್ನೇ ತೆಗೆದೆವು. ಪಕ್ಕದಲ್ಲಿ ಬಿಸಿ ಬಿಸಿ ಗೋಳಿಬಜೆ. ಅತ್ತೆ ಮೊದಲ ಗುಟುಕಿಗೆ ಮುಖ ಕಿವುಚಿ, "ಎಂತದ್ದು ಮಾರಾಯ್ತಿ ಇದು, ಸೋಡಕ್ಕೆ ಇಷ್ಟು ದುಡ್ಡಾ?" ಅಂದರು. ಎರಡು ಬಜೆ ಆದ ಮೇಲೆ, "ಬಜೆಗೆ ಆಗ್ತದೆ" ಅಂದರು. ಇದಕ್ಕಿಂತ ಒಳ್ಳೆ ವಿಮರ್ಶೆ ನನಗೆ ಬರೆಯಲು ಬರುವುದಿಲ್ಲ. ಕರಿದ ಎಣ್ಣೆಯನ್ನು ಗುಳ್ಳೆ ಮತ್ತು ಹುಳಿ ಸೇರಿ ಎತ್ತಿ ಹಾಕುತ್ತವೆ. ಗೋಳಿಬಜೆ, ಬೋಂಡಾ, ಸಿಗಡಿ ಫ್ರೈ, ಎಲ್ಲಕ್ಕೂ ಸೈ. ತೆರೆಯುವಾಗ ಮಾತ್ರ ಹುಷಾರು. ಬಾಟಲಿಯೊಳಗಿನ ಒತ್ತಡ ಕಾರ್ ಟೈರಿನ ಎರಡು ಪಟ್ಟಿಗೂ ಜಾಸ್ತಿ. ತಂತಿ ಬಿಚ್ಚುವಾಗಲೇ ಕಾರ್ಕಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿಯಿರಿ. ಬಾಟಲಿ ಓರೆ ಹಿಡಿದು, ಕಾರ್ಕನ್ನಲ್ಲ, ಬಾಟಲಿಯನ್ನು ತಿರುಗಿಸಿ. ಸಿನಿಮಾದಲ್ಲಿ ಹಾರಿಸುವ ಹಾಗೆ ಹಾರಿಸಿದರೆ ಅರ್ಧ ವೈನ್ ನೆಲಕ್ಕೆ.

ಹೊರಗೆ ಊಟಕ್ಕೆ ಹೋಗುವುದಾದರೆ ಫೋರ್ಟ್ ಕಡೆ ಹೋಗಿ. ಮಹೇಶ್ ಲಂಚ್ ಹೋಮ್, ಅಪೂರ್ವ, ಕಾಲಾ ಘೋಡಾದ ತೃಷ್ಣಾ. ಬೆಣ್ಣೆ-ಬೆಳ್ಳುಳ್ಳಿ ಏಡಿಗೆ ಬ್ರೂಟ್ ಸಿಕ್ಕರೆ ಅದೇ ಹೇಳಿ, ಇಲ್ಲದಿದ್ದರೆ ಶಾರ್ಡನೇ ಅನ್ನೋ ಬಿಳಿ ವೈನ್. ಹೋಟೆಲಿನಲ್ಲಿ ಬಾಟಲಿ ಬೆಲೆ ಅಂಗಡಿಗಿಂತ ಎಷ್ಟೋ ಪಟ್ಟು ಇರುತ್ತದೆ, ಮೊದಲೇ ಮೆನು ನೋಡಿ. ಮನೆ ಸಮಾರಂಭ ಇಟ್ಟುಕೊಂಡವರು ಕ್ಯಾಲೆಂಡರ್ ನೋಡಲು ಮರೆಯಬೇಡಿ. ಗಾಂಧಿ ಜಯಂತಿ, ಆಷಾಢಿ ಏಕಾದಶಿ, ಗಣಪತಿ ವಿಸರ್ಜನೆ, ಎಲ್ಲವೂ ಡ್ರೈ ಡೇ.

ಹೋಳಿಗೆಗೆ ವೈನ್ ಉಂಟಾ ಅಂತ ಕೇಳುತ್ತಾರೆ. ಉಂಟು. ಸಿಹಿ ತಿಂಡಿಗಿಂತ ವೈನ್ ಸಿಹಿಯಾಗಿರಬೇಕು, ಇಲ್ಲದಿದ್ದರೆ ಎಂಥ ಒಳ್ಳೆ ವೈನೂ ವಿನೆಗರ್ ಅನಿಸುತ್ತದೆ. ಸುಲಾದ ಲೇಟ್ ಹಾರ್ವೆಸ್ಟ್ ಶೆನಿನ್ ಬ್ಲಾಂ ಅಂತ 375 ಮಿಲಿಯ ಪುಟ್ಟ ಬಾಟಲಿ ಬರುತ್ತದೆ. ದ್ರಾಕ್ಷಿಯನ್ನು ಬಳ್ಳಿಯಲ್ಲೇ ಹೆಚ್ಚು ದಿನ ಬಿಟ್ಟು ಸಕ್ಕರೆ ಗಟ್ಟಿಯಾದ ಮೇಲೆ ಕೀಳುತ್ತಾರೆ. ಜೇನು, ಮಾವಿನಹಣ್ಣಿನ ಪರಿಮಳ. ಕಾಯಿ ಹೋಳಿಗೆಗೆ ಭಾರಿ ಒಪ್ಪುತ್ತದೆ, ಬೇಳೆ ಹೋಳಿಗೆಗೂ ಪರವಾಗಿಲ್ಲ. ನಮ್ಮ ಧಾರವಾಡ ಪೇಡೆಗೆ ಆಗಲಿಲ್ಲ. ಕಾಯಿಸಿದ ಹಾಲಿನ ಜಿಡ್ಡು ನಾಲಿಗೆಗೆ ಅಂಟಿ ವೈನಿನ ರುಚಿಯನ್ನೇ ಮುಚ್ಚಿಬಿಡುತ್ತದೆ.

ಗೋವಾಕ್ಕೆ ಹೋದವರೆಲ್ಲ ಹಿಡಿದು ತರುವ ಪೋರ್ಟ್ ವೈನ್ ಬಗ್ಗೆ ಒಂದು ಮಾತು. ನಿಜವಾದ ಪೋರ್ಟ್ ಪೋರ್ಚುಗಲ್ಲಿನ ದೌರು ಕಣಿವೆಯದು. ಹುದುಗು ಮುಗಿಯುವ ಮೊದಲೇ ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಸಿಹಿಯನ್ನು ಉಳಿಸಿಕೊಳ್ಳುತ್ತಾರೆ. ಗೋವಾದಲ್ಲಿ ಆ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಸಿಹಿ ಕೆಂಪು ವೈನ್, ಅಷ್ಟೆ. ಐಸ್ ಹಾಕಿ ಕುಡಿಯುವವರು ಕುಡಿಯಲಿ. ನಮ್ಮ ಮನೆಯಲ್ಲಿ ಅದು ಕ್ರಿಸ್‌ಮಸ್ ಕೇಕಿನ ಒಣಹಣ್ಣು ನೆನೆಸೋಕೆ ಹೋಗುತ್ತದೆ.

750 ಮಿಲಿ ಬಾಟಲಿಯಲ್ಲಿ ಐದು ಗ್ಲಾಸ್. ಇಬ್ಬರೇ ಇದ್ದರೆ ಮುಗಿಸಲೇಬೇಕು ಅಂತಿಲ್ಲ. ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿ ನಿಲ್ಲಿಸಿಟ್ಟರೆ ಬಿಳಿಯೂ ಕೆಂಪೂ ಮೂರು ದಿನ ಚೆನ್ನಾಗಿರುತ್ತವೆ. ಬ್ರೂಟಿಗೆ ಬೇರೆ ಕ್ಲಿಪ್ ಮುಚ್ಚಳ ಬೇಕು, ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಬಾಟಲಿ ಬಾಯಿಗೆ ಸ್ಟೀಲ್ ಚಮಚ ಸಿಕ್ಕಿಸಿದರೆ ಗುಳ್ಳೆ ಹೋಗುವುದಿಲ್ಲ ಅಂತ ಯಾರೋ ಹೇಳಿದ್ದರೆ ನಂಬಬೇಡಿ, ಹೋಗುತ್ತದೆ.